ಮಿರಗ ಮಳೆಗೂ ಮುಂಚೆ

ರೋಹಿಣಿ ಮಳೆ ಇನ್ನೂ ಬಂದಿಲ್ಲ. ಯಾದಗಿರಿ ಜಿಲ್ಲೆಯ ಸುರಪುರ, ಶಹಾಪುರದ ಕಡೆ ಬಿಸಿಲು 42 ಡಿಗ್ರಿ ದಾಟಿದರೂ ಈ ದಿನಗಳಲ್ಲಿ ಅದನ್ನು ಯಾರೂ ಸುದ್ದಿ ಎಂದುಕೊಳ್ಳುವುದಿಲ್ಲ. ಬೆಳಗಿನ ತಂಪು ಆರುವುದರೊಳಗೆ ಹೊಲದ ಬೇಲಿಯ ಗೂಟದ ತುದಿಗೆ ಗಂಡು ಓತಿಕ್ಯಾತವೊಂದು ಏರಿ ಕೂತುಬಿಡುತ್ತದೆ. ತಲೆಯಿಂದ ಹೆಗಲಿನವರೆಗೆ ಕೆಂಪು, ಗಂಟಲ ಎರಡೂ ಬದಿಗೆ ಕಪ್ಪು ಮಚ್ಚೆ. ಮುಂಗಾಲು ಊರಿ ಮೈಯನ್ನು ಎತ್ತಿ ಇಳಿಸುತ್ತದೆ. ಪಕ್ಕದ ಜಾಲಿ ಗಿಡದಲ್ಲಿ ಇನ್ನೊಂದು ಗಂಡು ಕಂಡರೆ ಗಂಟಲು ಉಬ್ಬಿಸುತ್ತದೆ. ‘ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ’ ಎಂಬ ಗಾದೆ ಕಟ್ಟಿದವರು ಈ ನೋಟವನ್ನು ಎಷ್ಟು ಸಲ ಕಂಡಿದ್ದರೋ. ಆದರೆ ಆ ಗೂಟವೂ ಸಾಕ್ಷಿ ಹೇಳಲಾರದ ಕೆಲಸವೊಂದು ಇದೇ ಹೊತ್ತಿನಲ್ಲಿ ಆ ಪ್ರಾಣಿಯ ಹೊಟ್ಟೆಯೊಳಗೆ, ಬೆನ್ನೆಲುಬಿನ ಎರಡು ಬದಿಗೆ ನಡೆದಿರುತ್ತದೆ.

ಅಲ್ಲಿ ಲೆಕ್ಕವಿಲ್ಲದಷ್ಟು ದುಂಡು ಕೋಶಗಳು ತಮ್ಮ ಮೈಯ ಬಹುಪಾಲನ್ನು ಕಳಚಿಹಾಕಿ, ಉಳಿದದ್ದನ್ನು ಉದ್ದಕ್ಕೆ ಎಳೆದುಕೊಂಡು ವೀರ್ಯಾಣುಗಳಾಗುತ್ತಿರುತ್ತವೆ. ಬೆನ್ನೆಲುಬಿರುವ ಪ್ರಾಣಿಗಳ ದೇಹದಲ್ಲಿ ಒಂದು ಕೋಶ ಇಷ್ಟು ತೀವ್ರವಾಗಿ ರೂಪ ಬದಲಿಸುವ ಸಂದರ್ಭ ಇನ್ನೊಂದಿಲ್ಲ ಎಂಬುದು ನನ್ನ ಎಣಿಕೆ. ನಮ್ಮ ಕೆಂಪು ರಕ್ತಕಣ ಬೆಳೆಯುವಾಗ ನ್ಯೂಕ್ಲಿಯಸ್ಸನ್ನು ಹೊರಹಾಕುವುದೂ ದೊಡ್ಡ ಬದಲಾವಣೆಯೇ. ಆದರೆ ಅದು ಸ್ತನಿಗಳಿಗೆ ಸೇರಿದ ಮಾತು. ಓತಿಕ್ಯಾತದ ರಕ್ತಕಣದಲ್ಲಿ ನ್ಯೂಕ್ಲಿಯಸ್ ಕಡೆತನಕ ಉಳಿದೇ ಇರುತ್ತದೆ. ವೀರ್ಯಾಣುವಿನ ವಿಷಯದಲ್ಲಿ ಮಾತ್ರ ಮನುಷ್ಯ, ಮೊಸಳೆ, ಹಲ್ಲಿ ಎಲ್ಲರೂ ಒಂದೇ ದಾರಿ ಹಿಡಿದು, ನಡುವೆ ಅಲ್ಲಲ್ಲಿ ಕವಲೊಡೆಯುತ್ತಾರೆ. ಆ ಕವಲುಗಳೇ ಈ ಅಧ್ಯಾಯದ ವಿಷಯ.

ಮೊದಲು ಕಾಲದ ಲೆಕ್ಕ. ಕ್ಯಾಲೋಟೆಸ್ ವರ್ಸಿಕಲರ್ ಎಂಬುದು ನಮ್ಮ ಓತಿಕ್ಯಾತದ ವೈಜ್ಞಾನಿಕ ಹೆಸರು. 1802ರಲ್ಲಿ ಫ್ರೆಂಚ್ ನಿಸರ್ಗವಿಜ್ಞಾನಿ ಡೋಡಾ ಇದನ್ನು ಮೊದಲು ವರ್ಣಿಸಿದ. ಕರ್ನಾಟಕದಲ್ಲಿ ಈ ಪ್ರಾಣಿಯ ಸಂತಾನಕ್ರಮವನ್ನು ಪಟ್ಟು ಹಿಡಿದು ಅಧ್ಯಯನ ಮಾಡಿದ್ದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿವಿಜ್ಞಾನ ವಿಭಾಗ. ಅಲ್ಲಿನ ಶ್ರೀನಿವಾಸ ಸೈದಾಪುರ 1989ರಲ್ಲಿ ಭಾರತದ ಕಶೇರುಕಗಳ ಸಂತಾನಚಕ್ರಗಳ ಕುರಿತ ಸಂಪುಟವೊಂದನ್ನು ಸಂಪಾದಿಸಿದರು. ಭಾಗ್ಯಶ್ರೀ ಶಾನಭಾಗ ಅವರು ಓತಿಕ್ಯಾತದ ಮೇಲೆ ನಡೆದ ಕೆಲಸವನ್ನೆಲ್ಲ ಒಟ್ಟುಗೂಡಿಸಿ 2003ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಅವರೆಲ್ಲ ಕಂಡುಕೊಂಡದ್ದರ ಸಾರ ಇಷ್ಟು: ಚಳಿಗಾಲದಲ್ಲಿ ಗಂಡಿನ ವೃಷಣ ಸೊರಗಿ ಚಿಕ್ಕದಾಗಿರುತ್ತದೆ, ಬೇಸಿಗೆ ಏರುತ್ತಿದ್ದಂತೆ ಅದು ಊದತೊಡಗುತ್ತದೆ, ಮೇ ತಿಂಗಳಿಂದ ಮಳೆಗಾಲವೆಲ್ಲ ಸಂತಾನದ ಹಂಗಾಮು. ಹೆಣ್ಣು ಒಂದೇ ಹಂಗಾಮಿನಲ್ಲಿ ಒಂದಕ್ಕಿಂತ ಹೆಚ್ಚು ಸಲ ಮೊಟ್ಟೆ ಇಡಬಲ್ಲದು. ಹಸಿ ನೆಲ ಸಿಗದಿದ್ದರೆ ಇಡಬೇಕಾದ ಮೊಟ್ಟೆಯನ್ನು ಹೊಟ್ಟೆಯಲ್ಲೇ ತಡೆದು ಇಟ್ಟುಕೊಳ್ಳುವುದೂ ಅದಕ್ಕೆ ಗೊತ್ತು. ಆಗ ತನ್ನ ಮೈಯ ಉಷ್ಣತೆಯನ್ನು ತಗ್ಗಿಸಿಕೊಂಡು ಭ್ರೂಣದ ಬೆಳವಣಿಗೆಯನ್ನೇ ನಿಲ್ಲಿಸಿಬಿಡುತ್ತದೆ ಎಂದು ಶಾನಭಾಗ, ಸೈದಾಪುರ ಮತ್ತು ರಾಡ್ಡೇರ್ 2003ರಲ್ಲೇ ತೋರಿಸಿದರು.

ಹೆಣ್ಣಿಗೆ ಹೀಗೆ ಮಳೆಗಾಗಿ ಕಾಯುವ ಅನುಕೂಲವಿದೆ. ಗಂಡಿಗೆ ಇಲ್ಲ. ಮಿರಗ ಮಳೆ ಬಿದ್ದು ತೊಗರಿ, ಹತ್ತಿ ಬಿತ್ತನೆ ಶುರುವಾಗುವ ಹೊತ್ತಿಗೆ ವೀರ್ಯಾಣು ತಯಾರಿರಬೇಕು. ಅದನ್ನು ತಯಾರಿಸಲು ವಾರಗಳೇ ಬೇಕು. ಆದ್ದರಿಂದ ನೆಲ ಇನ್ನೂ ಬಿರಿದು ಕೂತಿರುವಾಗಲೇ, ಮೋಡದ ಸುಳಿವೂ ಇಲ್ಲದಾಗಲೇ, ವೃಷಣ ಕೆಲಸ ಆರಂಭಿಸಿರುತ್ತದೆ. ದಿನದ ಬೆಳಕು, ಬೇಸಿಗೆಯ ಶಾಖ, ಮಿದುಳಿನಿಂದ ಇಳಿಯುವ ಹಾರ್ಮೋನು ಈ ಮೂರೂ ಸೇರಿ ಅದಕ್ಕೆ ಸೂಚನೆ ಕೊಡುತ್ತವೆ.

ವೃಷಣದೊಳಗೆ ಸುತ್ತಿ ಸುತ್ತಿ ತುಂಬಿರುವುದು ಸಣ್ಣ ನಾಳಗಳು. ಒಂದು ನಾಳವನ್ನು ಅಡ್ಡ ಕತ್ತರಿಸಿದರೆ ಹೊರಗಿನ ಅಂಚಿನಲ್ಲಿ ಮೂಲ ಕೋಶಗಳು, ಒಳಕ್ಕೆ ಹೋದಂತೆ ಅವುಗಳ ಮಕ್ಕಳು, ಮೊಮ್ಮಕ್ಕಳು, ನಟ್ಟನಡುವೆ ಬಾಲ ಇಳಿಬಿಟ್ಟ ವೀರ್ಯಾಣುಗಳು. ಅಂಚಿನಿಂದ ನಡುವಿನವರೆಗೂ ಚಾಚಿಕೊಂಡು ಇವೆಲ್ಲವನ್ನೂ ಹಿಡಿದು ಪೋಷಿಸುವ ದೊಡ್ಡ ಕೋಶಗಳಿವೆ. 1865ರಲ್ಲಿ ಇವನ್ನು ವರ್ಣಿಸಿದ ಇಟಲಿಯ ಎನ್ರಿಕೊ ಸರ್ಟೋಲಿಯ ಹೆಸರೇ ಇವಕ್ಕೆ ಉಳಿದಿದೆ. ಓತಿಕ್ಯಾತದ ಸಾಮಾನ್ಯ ಕೋಶದಲ್ಲಿ ವರ್ಣತಂತುಗಳು 34: ದೊಡ್ಡವು 12, ತೀರ ಸಣ್ಣವು 22. ಮೂಲ ಕೋಶಗಳು ಕೆಲವು ಸಲ ಸಾಮಾನ್ಯ ರೀತಿಯಲ್ಲಿ ಒಡೆದು ಹೆಚ್ಚುತ್ತವೆ. ಆಮೇಲೆ ಬರುವುದು ಎರಡು ವಿಶೇಷ ವಿಭಜನೆ. ಅವು ಮುಗಿದಾಗ ಒಂದೊಂದು ಕೋಶಕ್ಕೂ 17 ವರ್ಣತಂತುಗಳ ಪಾಲು ಸಿಕ್ಕಿರುತ್ತದೆ. ಈ ಹಂತದ ಕೋಶಕ್ಕೆ ಸ್ಪರ್ಮಾಟಿಡ್ ಎನ್ನುತ್ತಾರೆ. ವಂಶವಾಹಿಗಳ ಹಂಚಿಕೆ ಇಲ್ಲಿಗೆ ಮುಗಿಯಿತು. ಸ್ಪರ್ಮಾಟಿಡ್ ಇನ್ನು ಒಡೆಯುವುದಿಲ್ಲ. ಅದಕ್ಕೆ ಉಳಿದಿರುವುದು ರೂಪ ಬದಲಿಸುವ ಕೆಲಸವೊಂದೇ.

ಶಾಲೆ ಕಾಲೇಜಿನ ಪುಸ್ತಕಗಳು ವಿಭಜನೆಗೆ ಪುಟಗಟ್ಟಲೆ ಕೊಟ್ಟು ಈ ರೂಪಾಂತರವನ್ನು ಎರಡು ಸಾಲಿನಲ್ಲಿ ಮುಗಿಸುತ್ತವೆ. ನನಗೆ ಇದು ಯಾವತ್ತೂ ಸರಿ ಕಂಡಿಲ್ಲ.

ರೂಪಾಂತರ ನಡೆಯುವಾಗ ಸ್ಪರ್ಮಾಟಿಡ್‌ಗಳು ಒಂಟಿಯಾಗಿರುವುದಿಲ್ಲ ಎನ್ನುವುದನ್ನು ಇಲ್ಲೇ ಹೇಳಿಬಿಡಬೇಕು. ಹಿಂದಿನ ವಿಭಜನೆಗಳಲ್ಲಿ ಕೋಶಗಳು ಪೂರ್ತಿ ಬೇರ್ಪಟ್ಟಿರುವುದಿಲ್ಲ. ಒಂದರಿಂದ ಇನ್ನೊಂದಕ್ಕೆ ಕೋಶರಸದ ಕಿರಿದಾದ ಸೇತುವೆ ಉಳಿದಿರುತ್ತದೆ. ಒಂದು ಮೂಲ ಕೋಶದ ಸಂತತಿಯೆಲ್ಲ ಹೀಗೆ ಕೈ ಹಿಡಿದೇ ಬೆಳೆಯುತ್ತದೆ. ಅರ್ಧ ವರ್ಣತಂತುಗಳನ್ನಷ್ಟೇ ಪಡೆದ ಕೋಶಕ್ಕೆ ತನ್ನಲ್ಲಿಲ್ಲದ ವಂಶವಾಹಿಯ ಉತ್ಪನ್ನ ಈ ಸೇತುವೆಯ ಮೂಲಕ ಪಕ್ಕದವರಿಂದ ಸಿಗುತ್ತದೆ.

ದುಂಡು ಸ್ಪರ್ಮಾಟಿಡ್‌ನಲ್ಲಿ ಮೊದಲು ಚುರುಕಾಗುವುದು ಗಾಲ್ಗಿ ಸಂಕೀರ್ಣ. 1898ರಲ್ಲಿ ಕಮಿಲೊ ಗಾಲ್ಗಿ ಇದನ್ನು ನರಕೋಶದಲ್ಲಿ ಗುರುತಿಸಿದಾಗ, ಇದು ಬಣ್ಣ ಹಚ್ಚುವಾಗ ಆದ ಎಡವಟ್ಟು ಎಂದು ಎಷ್ಟೋ ಜನ ಅನುಮಾನಿಸಿದ್ದರು. ಪೊರೆಗಳ ಈ ಮಡಿಕೆಗಳಿಂದ ಸಣ್ಣ ಸಣ್ಣ ಗುಳ್ಳೆಗಳು ಕಳಚಿಕೊಂಡು ಒಂದರೊಳಗೊಂದು ಸೇರಿ ಒಂದು ದೊಡ್ಡ ಗುಳ್ಳೆಯಾಗುತ್ತದೆ. ಅದು ನ್ಯೂಕ್ಲಿಯಸ್ಸಿಗೆ ಬಂದು ತಾಗುತ್ತದೆ. ತಾಗಿದ ಕಡೆ ನ್ಯೂಕ್ಲಿಯಸ್ಸಿನ ಮೈ ಒಳಕ್ಕೆ ಕುಸಿದು ಗುಂಡಿ ಬೀಳುತ್ತದೆ. ಹಲ್ಲಿ ಮತ್ತು ಹಾವುಗಳಲ್ಲಿ ಈ ಗುಂಡಿ ಎದ್ದುಕಾಣುವಷ್ಟು ಆಳ. ಗುಳ್ಳೆಯ ತಳದಲ್ಲಿ, ನ್ಯೂಕ್ಲಿಯಸ್ಸಿಗೆ ಅಂಟಿಕೊಂಡಂತೆ, ಕಪ್ಪಗೆ ದಟ್ಟವಾದ ಒಂದು ಕಣ ಕಾಣಿಸಿಕೊಳ್ಳುತ್ತದೆ. ಇದೇ ಅಕ್ರೋಸೋಮಿನ ಮೊದಲ ರೂಪ. ಮೊಟ್ಟೆಯ ಹೊರಪದರವನ್ನು ಕರಗಿಸಿ ದಾರಿ ಮಾಡುವ ಕಿಣ್ವಗಳು ಇದರೊಳಗೆ ಸೇರುತ್ತಿವೆ.

ಇಷ್ಟರಲ್ಲಿ ಕೋಶದ ನಡುವೆ ಇದ್ದ ನ್ಯೂಕ್ಲಿಯಸ್ ಗುಳ್ಳೆಯ ಸಮೇತ ಒಂದು ಅಂಚಿಗೆ ಸರಿದು, ಅಕ್ರೋಸೋಮ್ ಇರುವ ಕಡೆಯನ್ನು ಸರ್ಟೋಲಿ ಕೋಶದತ್ತ ತಿರುಗಿಸಿ ಒತ್ತಿ ನಿಲ್ಲುತ್ತದೆ. ಕೋಶಕ್ಕೆ ಈಗ ಹಿಂದು ಮುಂದು ಬಂತು. ಗುಳ್ಳೆ ಚಪ್ಪಟೆಯಾಗಿ ನ್ಯೂಕ್ಲಿಯಸ್ಸಿನ ಮುಂತುದಿಯನ್ನು ಕವಿಯುತ್ತದೆ. ಅವೆರಡರ ನಡುವಿನ ಸಂದಿಯಲ್ಲಿ ಒಂದು ಪ್ರೋಟೀನ್ ಶಂಕು ಮೂಡುತ್ತದೆ. ಅದರೊಳಗೆ ನ್ಯೂಕ್ಲಿಯಸ್ಸಿನ ತುದಿಯಿಂದ ಮುಂದಕ್ಕೆ ಚಾಚಿದ ಸಣ್ಣ ಕಡ್ಡಿಯೊಂದು ಹುಟ್ಟುತ್ತದೆ. ಇದರ ಹೆಸರು ಪರ್ಫೊರೇಟೋರಿಯಂ. ಓದುಗರು ಇದೊಂದು ಹೆಸರನ್ನು ನೆನಪಿಟ್ಟುಕೊಂಡರೆ ಸಾಕು, ಕೃಷ್ಣೆಯ ದಡಕ್ಕೆ ಹೋದಾಗ ಬೇಕಾಗುತ್ತದೆ.

ಇದನ್ನೆಲ್ಲ ಕಾಣುವುದು ಹೇಗೆ ಎಂಬ ಪ್ರಶ್ನೆ ಸಹಜ. ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ 200 ನ್ಯಾನೊಮೀಟರಿಗಿಂತ ಹತ್ತಿರವಿರುವ ಎರಡು ಬಿಂದುಗಳು ಬೇರೆಬೇರೆಯಾಗಿ ಕಾಣುವುದಿಲ್ಲ. ಈಗ ಹೇಳಿದ ಶಂಕು, ಕಡ್ಡಿ, ಪೊರೆ ಇವೆಲ್ಲ ಆ ಮಿತಿಯ ಕೆಳಗೋ ಅಂಚಿಗೋ ಬರುತ್ತವೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು. ವೃಷಣದ ಚೂರನ್ನು ತೆಗೆದ ತಕ್ಷಣ ಗ್ಲುಟರಾಲ್ಡಿಹೈಡ್‌ಗೆ ಹಾಕಬೇಕು. ಈ ಬಿಸಿಲು ಸೀಮೆಯಲ್ಲಿ ತಡಮಾಡಿದರೆ ಪೊರೆಗಳು ಕಣ್ಣೆದುರೇ ಕೆಡುತ್ತವೆ. ಆಮೇಲೆ ಆಸ್ಮಿಯಂ ಟೆಟ್ರಾಕ್ಸೈಡ್, ನೀರು ತೆಗೆಯಲು ಆಲ್ಕೊಹಾಲ್, ಕೊನೆಗೆ ಗಟ್ಟಿಯಾಗುವ ರಾಳ. ವಜ್ರದ ಅಲಗಿನಿಂದ 60ರಿಂದ 90 ನ್ಯಾನೊಮೀಟರ್ ದಪ್ಪದ ಪದರ ಹೆರೆದು, ಯುರೇನಿಯಂ ಮತ್ತು ಸೀಸದ ಲವಣಗಳಿಂದ ಬಣ್ಣ ಕೊಟ್ಟು, 3 ಮಿಲಿಮೀಟರ್ ಅಗಲದ ತಾಮ್ರದ ಜಾಲರಿಯ ಮೇಲೆ ಕೂರಿಸುತ್ತಾರೆ. ಸಿಗುವುದು ಕಪ್ಪು ಬಿಳುಪು ಚಿತ್ರ. ಓತಿಕ್ಯಾತದ ವೀರ್ಯಾಣು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು ಉದ್ದ. ಅದರ ಸಾವಿರದೊಂದು ಪಾಲಿನಷ್ಟು ತೆಳುವಾದ ಸೀಳನ್ನು ನೋಡಿ ಇಡೀ ರೂಪವನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳಬೇಕು. ಓರೆಯಾಗಿ ಬಿದ್ದ ಸೀಳನ್ನು ಹೊಸ ರಚನೆ ಎಂದು ತಪ್ಪು ತಿಳಿಯುವ ಅಪಾಯ ಯಾವಾಗಲೂ ಉಂಟು.

ಸರೀಸೃಪಗಳ ವೃಷಣ ಈ ಕೆಲಸಕ್ಕೆ ಒಂದು ಅನುಕೂಲ ಮಾಡಿಕೊಟ್ಟಿದೆ. ಇಲಿಯ ಅಥವಾ ಮನುಷ್ಯನ ವೃಷಣದಲ್ಲಿ ವೀರ್ಯಾಣು ತಯಾರಿ ಅಲೆ ಅಲೆಯಾಗಿ ವರ್ಷವಿಡೀ ನಡೆಯುವುದರಿಂದ ಒಂದೊಂದು ಜಾಗದಲ್ಲಿ ಒಂದೊಂದು ಹಂತ ಇರುತ್ತದೆ. ಅಮೆರಿಕದ ಕೆವಿನ್ ಗ್ರಿಬಿನ್ಸ್ ಮತ್ತು ಸಂಗಡಿಗರು ಹಲವು ಹಲ್ಲಿ, ಹಾವು, ಆಮೆಗಳನ್ನು ನೋಡಿ ತೋರಿಸಿದ್ದೇನೆಂದರೆ, ಋತುವಿಗೆ ಕಟ್ಟುಬಿದ್ದ ಸರೀಸೃಪಗಳಲ್ಲಿ ಕೋಶಗಳು ಒಂದು ದೊಡ್ಡ ತಂಡವಾಗಿ ಒಟ್ಟಿಗೇ ಮುಂದೆ ಸಾಗುತ್ತವೆ. ನಾಳದ ಕಟ್ಟಡ ಸ್ತನಿಗಳಂತೆ, ಕೆಲಸದ ಕ್ರಮ ಕಪ್ಪೆ ಮೀನುಗಳಂತೆ. ಹಾಗಾಗಿ ಸರಿಯಾದ ತಿಂಗಳಲ್ಲಿ ನೋಡಿದರೆ ಒಂದೇ ವಯಸ್ಸಿನ ಸ್ಪರ್ಮಾಟಿಡ್‌ಗಳು ರಾಶಿಯಾಗಿ ಸಿಗುತ್ತವೆ.

ಇನ್ನು ನ್ಯೂಕ್ಲಿಯಸ್ಸಿನ ಕಥೆ. ನನಗೆ ಇಡೀ ಪ್ರಕ್ರಿಯೆಯಲ್ಲಿ ಅತಿ ಸೊಗಸಾಗಿ ಕಾಣುವ ಭಾಗ ಇದು.

ದುಂಡು ಹಂತದಲ್ಲಿ ನ್ಯೂಕ್ಲಿಯಸ್ ಒಂದು ಗೋಳ, ಒಳಗೆ ಡಿಎನ್‌ಎ ಸಡಿಲವಾಗಿ ಹರಡಿಕೊಂಡಿದೆ. ಹಿಸ್ಟೋನ್ ಎಂಬ ಪ್ರೋಟೀನುಗಳಿಗೆ ಸುತ್ತಿಕೊಂಡಿರುವುದರಿಂದ ಬೇಕಾದ ವಂಶವಾಹಿಯನ್ನು ಓದಲು ಜಾಗವಿದೆ. ಕೋಶ ಉದ್ದವಾಗತೊಡಗಿದಾಗ ನ್ಯೂಕ್ಲಿಯಸ್ಸಿನ ಸುತ್ತ ಸೂಕ್ಷ್ಮನಳಿಕೆಗಳು ಬಂದು ಸೇರುತ್ತವೆ. ಒಂದೊಂದರ ದಪ್ಪ ಸುಮಾರು 25 ನ್ಯಾನೊಮೀಟರ್. ಇವುಗಳ ಕಟ್ಟಿಗೆ ಮ್ಯಾಂಚೆಟ್ ಎಂದು ಹೆಸರು. ಸ್ತನಿಗಳಲ್ಲಿ ಈ ನಳಿಕೆಗಳು ಮುಖ್ಯವಾಗಿ ಉದ್ದಕ್ಕೆ ಸಾಲಾಗಿ ನಿಲ್ಲುತ್ತವೆ. ಓತಿಕ್ಯಾತ, ಹಲ್ಲಿ, ಹಾವುಗಳಲ್ಲಿ ಮೊದಲು ಬರುವುದು ನ್ಯೂಕ್ಲಿಯಸ್ಸನ್ನು ಅಡ್ಡಲಾಗಿ ಬಳಸಿ ಸುತ್ತುವ ನಳಿಕೆಗಳು. ಉದ್ದದ ನಳಿಕೆಗಳು ಆಮೇಲೆ ಸೇರಿಕೊಳ್ಳುತ್ತವೆ. ಸುತ್ತಿನ ಹಿಡಿತದೊಳಗೆ ನ್ಯೂಕ್ಲಿಯಸ್ ಸಪೂರವಾಗುತ್ತ, ಉದ್ದವಾಗುತ್ತ ಹೋಗುತ್ತದೆ. ಕಡೆಗೆ ಅದರ ಅಗಲ ಒಂದು ಮೈಕ್ರೋಮೀಟರಿಗಿಂತ ಕಡಿಮೆ, ಉದ್ದ ಅದರ ಹತ್ತು ಪಟ್ಟಿಗಿಂತ ಹೆಚ್ಚು, ಸಣ್ಣಗೆ ಬಾಗಿದ ಮೈ.

ಹೊರಗಿನಿಂದ ಈ ಒತ್ತಡವಾದರೆ ಒಳಗಿನಿಂದ ಇನ್ನೊಂದು ಬದಲಾವಣೆ. ಚದುರಿದ್ದ ಡಿಎನ್‌ಎ ಮೊದಲು ಸಣ್ಣ ಕಾಳುಗಳಾಗಿ, ಆಮೇಲೆ ದಪ್ಪ ಎಳೆಗಳಾಗಿ ಕಾಣುತ್ತದೆ. ಓತಿಕ್ಯಾತದ ಬಂಧುಗಳಲ್ಲಿ ಆ ಎಳೆಗಳು ನ್ಯೂಕ್ಲಿಯಸ್ಸಿನ ಉದ್ದಕ್ಕೂ ತಿರುಚಿಕೊಂಡು ಸಾಗುತ್ತವೆ. ಎಳೆಗಳು ಒಂದಕ್ಕೊಂದು ಅಂಟಿ, ನಡುವಿನ ಸಂದುಗಳು ಮುಚ್ಚಿ, ಕಡೆಗೆ ಎಲೆಕ್ಟ್ರಾನುಗಳು ತೂರಲಾರದ ಕಪ್ಪು ಮುದ್ದೆಯಾಗುತ್ತದೆ. ಯಾದಗಿರಿಯ ಹತ್ತಿ ಗಿರಣಿಗಳಲ್ಲಿ ಅಂಗಳದ ತುಂಬ ಅರಳಿ ಬಿದ್ದ ಹತ್ತಿಯನ್ನು ಒತ್ತಿ ಅಂಡಿಗೆ ಕಟ್ಟುವುದನ್ನು ಕಂಡವರಿಗೆ ಈ ಕೆಲಸದ ಅಳತೆ ತಿಳಿಯುತ್ತದೆ. ಹತ್ತಿ ಅದೇ, ತೂಕ ಅದೇ. ಆದರೆ ಅಂಡಿಗೆಯಾದ ಮೇಲೆ ಅದನ್ನು ಬಿಚ್ಚದೆ ನೂಲು ತೆಗೆಯಲಾಗದು. ನ್ಯೂಕ್ಲಿಯಸ್ಸಿನಲ್ಲೂ ಹಾಗೆ. ಒತ್ತಿದ ಡಿಎನ್‌ಎಯಿಂದ ಇನ್ನು ಯಾವ ವಂಶವಾಹಿಯನ್ನೂ ಓದುವಂತಿಲ್ಲ. ಮುಂದೆ ಬೇಕಾಗುವ ಪ್ರೋಟೀನುಗಳ ಸಂದೇಶಗಳನ್ನೆಲ್ಲ ಅದಕ್ಕೂ ಮುಂಚೆ ಬರೆದಿಟ್ಟುಕೊಂಡಿರಬೇಕು.

ಒತ್ತುವ ಕೆಲಸ ಮಾಡುವುದು ಪ್ರೋಟಮೀನ್ ಎಂಬ ಪುಟ್ಟ ಪ್ರೋಟೀನು. ಇದರಲ್ಲಿ ಅರ್ಜಿನೀನ್ ತುಂಬಿರುವುದರಿಂದ ಬಲವಾದ ಧನ ಆವೇಶವಿದೆ. ಋಣ ಆವೇಶದ ಡಿಎನ್‌ಎಯನ್ನು ಇದು ಬಿಗಿಯಾಗಿ ಹಿಡಿಯುತ್ತದೆ. ಇದನ್ನು ಮೊದಲು ಕಂಡವನು ಸ್ವಿಟ್ಜರ್ಲೆಂಡಿನ ಫ್ರೀಡ್ರಿಶ್ ಮೀಶರ್. 1869ರಲ್ಲಿ ಆಸ್ಪತ್ರೆಯ ಕೀವು ತುಂಬಿದ ಬ್ಯಾಂಡೇಜುಗಳಿಂದ ಇಂದು ನಾವು ಡಿಎನ್‌ಎ ಎಂದು ಕರೆಯುವ ವಸ್ತುವನ್ನು ಬೇರ್ಪಡಿಸಿದ ಅದೇ ಮೀಶರ್, 1874ರಲ್ಲಿ ರೈನ್ ನದಿಯ ಸಾಲ್ಮನ್ ಮೀನಿನ ವೀರ್ಯಾಣುಗಳಿಂದ ಪ್ರೋಟಮೀನನ್ನೂ ತೆಗೆದ. ಕೀವಿಗಿಂತ ಮೀನು ಒಳ್ಳೆಯದು ಎಂದು ಅವನಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಸ್ತನಿಗಳಲ್ಲಿ ಹಿಸ್ಟೋನ್ ಹೋಗಿ ಪ್ರೋಟಮೀನ್ ಬರುವುದರ ನಡುವೆ ಇನ್ನೊಂದು ಗುಂಪಿನ ಪ್ರೋಟೀನುಗಳು ಕೆಲಕಾಲ ಜಾಗ ಹಿಡಿಯುತ್ತವೆ. ಇವುಗಳ ಮೇಲೆ ಇಲಿಗಳಲ್ಲಿ ಗಟ್ಟಿ ಕೆಲಸ ಮಾಡಿದ ಪ್ರಯೋಗಾಲಯಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಆರ್.ಎಸ್. ರಾವ್ ಅವರದೂ ಒಂದು.

ತಲೆ ಹೀಗೆ ಸಿದ್ಧವಾಗುವಾಗಲೇ ಹಿಂದೆ ಬಾಲ ಮೂಡುತ್ತಿರುತ್ತದೆ. ಕೋಶದಲ್ಲಿ ಸೆಂಟ್ರಿಯೋಲ್ ಎಂಬ ಎರಡು ಗಿಡ್ಡ ಕೊಳವೆಗಳಿವೆ. ಅವು ನ್ಯೂಕ್ಲಿಯಸ್ಸಿನ ಹಿಂತುದಿಗೆ ಬಂದು ಅಲ್ಲಿನ ಕುಳಿಯಲ್ಲಿ ಕೂರುತ್ತವೆ. ಹಿಂದಿನ ಸೆಂಟ್ರಿಯೋಲಿನಿಂದ ಬಾಲದ ತಿರುಳು ಬೆಳೆಯುತ್ತದೆ: ನಡುವೆ ಎರಡು ನಳಿಕೆ, ಸುತ್ತ ಒಂಬತ್ತು ಜೋಡಿ. ಈ ಒಂಬತ್ತು–ಎರಡರ ಲೆಕ್ಕ ಪಾಚಿಯಿಂದ ಮನುಷ್ಯನವರೆಗೆ ಹೆಚ್ಚು ಕಡಿಮೆ ಬದಲಾಗಿಲ್ಲ. ಬದಲಾಗುವುದು ಅದರ ಸುತ್ತಲಿನ ಹೊದಿಕೆ. ಕೋಶದಲ್ಲಿ ಚದುರಿದ್ದ ಮೈಟೊಕಾಂಡ್ರಿಯಾಗಳು ಬಾಲದ ಮೊದಲ ಭಾಗಕ್ಕೆ ಬಂದು ಸಾಲುಗಟ್ಟುತ್ತವೆ. ಈ ಭಾಗವೇ ನಡುತುಂಡು. ಓತಿಕ್ಯಾತದಂಥ ಹಲ್ಲಿಗಳಲ್ಲಿ ನಡುತುಂಡು ಗಿಡ್ಡ. ಮೈಟೊಕಾಂಡ್ರಿಯಾಗಳ ನಡುನಡುವೆ ಕಪ್ಪು ದಟ್ಟ ಕಣಗಳು ಉಂಗುರವಾಗಿ ಕೂತಿರುತ್ತವೆ. ನಡುತುಂಡು ಮುಗಿಯುವಲ್ಲಿ ಆನ್ಯುಲಸ್ ಎಂಬ ಉಂಗುರ. ಅದರಾಚೆ ಬಾಲವನ್ನು ನಾರಿನ ಕವಚ ಸುತ್ತುವರಿದಿದೆ.

ಸ್ತನಿಗಳಲ್ಲಿ ಆ ಕವಚ ಉಂಗುರ ದಾಟಿದ ಮೇಲೆ ಆರಂಭವಾಗುತ್ತದೆ. ಹಲ್ಲಿ ಹಾವುಗಳಲ್ಲಿ ಅದು ಉಂಗುರಕ್ಕೂ ಮುಂಚೆ, ನಡುತುಂಡಿನೊಳಗೇ, ಮೈಟೊಕಾಂಡ್ರಿಯಾಗಳ ಕೆಳಗೇ ಶುರುವಾಗಿರುತ್ತದೆ. ತೀರ ಸಣ್ಣ ಸಂಗತಿ. ಆದರೆ ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾಲಯದ ಬ್ಯಾರಿ ಜೇಮಿಸನ್ 1990ರ ದಶಕದಲ್ಲಿ ಒಂದಾದ ಮೇಲೊಂದು ಕುಟುಂಬದ ವೀರ್ಯಾಣುಗಳನ್ನು ಹೋಲಿಸಿದಾಗ, ಹಲ್ಲಿ ಹಾವುಗಳೆಲ್ಲ ಒಂದೇ ಬಳ್ಳಿ ಎನ್ನುವುದಕ್ಕೆ ಇದೊಂದು ಗಟ್ಟಿ ಗುರುತಾಯಿತು.

ಈಗ ಕೃಷ್ಣೆಯ ದಡಕ್ಕೆ. ನಾರಾಯಣಪುರದ ಬಸವಸಾಗರ ಅಣೆಕಟ್ಟಿನ ಕೆಳಗೆ ಕೃಷ್ಣೆಯ ಮಡುಗಳಲ್ಲಿ ಮೊಸಳೆಗಳಿವೆ. ಹೊಳೆ ಇಳಿದಾಗ ಬಂಡೆಗಳ ಮೇಲೆ ಬಾಯಿ ತೆರೆದು ಬಿದ್ದಿರುತ್ತವೆ. ಸುತ್ತಲಿನ ಕೆರೆಗಳಲ್ಲಿ ಆಮೆಗಳಿವೆ, ಗುಡ್ಡದ ಬಂಡೆಗಳಲ್ಲಿ ಹಲ್ಲಿ, ಹಾವುರಾಣಿ, ಉಡ, ತೊಗರಿ ಹೊಲಗಳಲ್ಲಿ ನಾಗರಹಾವು. ಸರೀಸೃಪ ಎಂದು ಒಂದೇ ಹೆಸರಿನಡಿ ನಾವು ತುಂಬಿಟ್ಟ ಬೇರೆಬೇರೆ ಬಳ್ಳಿಗಳು ಈ ಒಂದು ಜಿಲ್ಲೆಯಲ್ಲೇ ಸಿಗುತ್ತವೆ. ಇವುಗಳ ವೀರ್ಯಾಣುಗಳನ್ನು ಅಕ್ಕಪಕ್ಕ ಇಟ್ಟರೆ ಏನು ಕಾಣಬಹುದು?

ಮೊಸಳೆಯನ್ನು ಹಿಡಿಯುವಂತಿಲ್ಲ. 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಅದರ ಹೆಸರಿದೆ, ಉಡದ್ದೂ ಇದೆ. ಅಮೆರಿಕದ ಆಲಿಗೇಟರ್, ಬೇರೆ ದೇಶಗಳ ಕೇಮನ್, ಮೊಸಳೆಗಳ ಮೇಲೆ ನಡೆದ ಅಧ್ಯಯನಗಳು ಹೇಳುವುದು ಇಷ್ಟು: ಓತಿಕ್ಯಾತದಲ್ಲಿ ನ್ಯೂಕ್ಲಿಯಸ್ಸಿನ ಮುಂದೆ ನಿಲ್ಲುವ ಪರ್ಫೊರೇಟೋರಿಯಂ ಎಂಬ ಕಡ್ಡಿ, ಮೊಸಳೆಯಲ್ಲಿ ನ್ಯೂಕ್ಲಿಯಸ್ಸಿನೊಳಗೇ ಇಳಿದಿರುತ್ತದೆ. ಅದಕ್ಕಾಗಿ ಒತ್ತಿ ಗಟ್ಟಿಯಾದ ಡಿಎನ್‌ಎಯ ನಡುವೆ ಒಂದು ಕಾಲುವೆ ಬಿಟ್ಟಿರುತ್ತದೆ. ಆಮೆಗಳಲ್ಲೂ ಹಾಗೇ, ಕೆಲವಲ್ಲಿ ಒಂದಕ್ಕಿಂತ ಹೆಚ್ಚು ಕಾಲುವೆ. ನ್ಯೂಜಿಲೆಂಡಿನ ಟುವಾಟರಾ ಎಂಬ ಪ್ರಾಣಿಯನ್ನು ಹೀಲಿ ಮತ್ತು ಜೇಮಿಸನ್ 1994ರಲ್ಲಿ ನೋಡಿದರು. ಅದು ಹೊರಗಿನಿಂದ ನೋಡಲು ಥೇಟ್ ಓತಿಕ್ಯಾತ, ಬೆನ್ನ ಮೇಲೆ ಮುಳ್ಳಿನ ಸಾಲು ಕೂಡ ಇದೆ. ವೀರ್ಯಾಣುವಿನಲ್ಲಿ ಮಾತ್ರ ಅದರಲ್ಲೂ ಕಾಲುವೆ! ಓತಿಕ್ಯಾತದ ಗುರುತುಗಳು ಅದರಲ್ಲಿ ಇಲ್ಲ.

ಹಾಗಾದರೆ ಟುವಾಟರಾ ಮೊಸಳೆಯ ಬಂಧುವೇ? ಅವಸರದವರು ಹೌದು ಎಂದುಬಿಡಬಹುದು. ಡಿಎನ್‌ಎ ಹೇಳುವುದು ಬೇರೆ: ಟುವಾಟರಾಗೆ ಹತ್ತಿರದ ನೆಂಟರು ಹಲ್ಲಿ ಹಾವುಗಳೇ. ಎರಡೂ ಮಾತು ಒಟ್ಟಿಗೆ ನಿಲ್ಲಬೇಕಾದರೆ ಕಾಲುವೆ ಎಲ್ಲರಿಗೂ ಬಂದ ತೀರ ಹಳೆಯ ಆಸ್ತಿಯಾಗಿರಬೇಕು. ಶ್ವಾಸಕೋಶವಿರುವ ಮೀನುಗಳ ವೀರ್ಯಾಣುವಿನಲ್ಲೂ ಅದು ಇದೆ. ಮೊಸಳೆ, ಆಮೆ, ಟುವಾಟರಾ ಅದನ್ನು ಉಳಿಸಿಕೊಂಡವು. ಹಲ್ಲಿ ಹಾವುಗಳ ಪೂರ್ವಜ ಬಿಟ್ಟುಕೊಟ್ಟಿತು. ಹಳೆಯದನ್ನು ಇಬ್ಬರು ಉಳಿಸಿಕೊಂಡರೆ ಅದರಿಂದ ಅವರ ನೆಂಟಸ್ತಿಕೆ ಹತ್ತಿರದ್ದೆಂದು ತೀರ್ಮಾನವಾಗದು. ಇಬ್ಬರಲ್ಲಿ ಹೊಸದೊಂದು ಒಟ್ಟಿಗೆ ಕಂಡರೆ ಆಗ ಅನುಮಾನಿಸಬೇಕು. ನಾರಿನ ಕವಚ ಮುಂದಕ್ಕೆ ಸರಿದದ್ದು ಅಂಥ ಹೊಸದು. ವೀರ್ಯಾಣುವಿನ ಚಿತ್ರಗಳನ್ನು ಓದುವವರಿಗೆ ಈ ವಿವೇಚನೆ ಇಲ್ಲದಿದ್ದರೆ ಎಷ್ಟು ಒಳ್ಳೆಯ ಸೂಕ್ಷ್ಮದರ್ಶಕವಿದ್ದೂ ಪ್ರಯೋಜನವಿಲ್ಲ.

ಹಾವುಗಳದು ಮತ್ತೊಂದು ಹೆಜ್ಜೆ. ತಲೆ ಹಲ್ಲಿಯಂತೆಯೇ ಇದೆ, ಆದರೆ ನಡುತುಂಡು ಬಹಳ ಉದ್ದ. ಮೈಟೊಕಾಂಡ್ರಿಯಾಗಳು ಬಾಲದ ದೊಡ್ಡ ಭಾಗವನ್ನೇ ಆವರಿಸಿವೆ. ಅದರ ಸುತ್ತ ಪದರ ಪದರವಾದ ಪೊರೆಗಳೂ ಇವೆ. ಹೆಣ್ಣಿನ ದೇಹದಲ್ಲಿ ಹಾವಿನ ವೀರ್ಯಾಣು ತಿಂಗಳುಗಟ್ಟಲೆ, ಕೆಲವು ಜಾತಿಗಳಲ್ಲಿ ಅದಕ್ಕೂ ಹೆಚ್ಚು ಕಾಲ ಬದುಕಿರಬೇಕಾಗುತ್ತದೆ. ಉದ್ದದ ನಡುತುಂಡು ಅದಕ್ಕೇ ಇರಬಹುದು ಎಂದು ಊಹಿಸಲು ಆಸೆಯಾಗುತ್ತದೆ. ಆದರೆ ಓತಿಕ್ಯಾತ ಗಿಡ್ಡ ನಡುತುಂಡಿನಲ್ಲೇ ಅದೇ ಕೆಲಸ ಮಾಡುವುದನ್ನು ಈಗ ನೋಡಲಿರುವುದರಿಂದ ಆ ಊಹೆಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ.

ರೂಪಾಂತರದ ಕೊನೆಯ ಕೆಲಸ ಕಳಚುವುದು. ತಲೆ, ನಡುತುಂಡು, ಬಾಲ ಸಿದ್ಧವಾದ ಮೇಲೂ ಕೋಶರಸದ ದೊಡ್ಡ ಮುದ್ದೆ ಹಿಂದೆ ಜೋತುಬಿದ್ದಿರುತ್ತದೆ. ಅದರಲ್ಲಿ ರೈಬೋಸೋಮ್, ಮಿಕ್ಕ ಗಾಲ್ಗಿ, ಹೆಚ್ಚುವರಿ ಮೈಟೊಕಾಂಡ್ರಿಯಾ, ಕೆಲಸ ಮುಗಿಸಿದ ಮ್ಯಾಂಚೆಟ್ಟಿನ ಚೂರುಗಳು ಸೇರಿವೆ. ಇದೆಲ್ಲ ಒಂದು ಕಡೆಗೆ ಹರಿದು ಕತ್ತರಿಸಿ ಬೀಳುತ್ತದೆ. ಕೋಶಗಳ ನಡುವಿನ ಸೇತುವೆಗಳೂ ಅದರೊಂದಿಗೇ ಹೋಗುತ್ತವೆ. ಬಿದ್ದದ್ದನ್ನು ಸರ್ಟೋಲಿ ಕೋಶ ನುಂಗಿ ಅರಗಿಸಿಕೊಳ್ಳುತ್ತದೆ. ಹಿಡಿತ ಬಿಟ್ಟ ವೀರ್ಯಾಣುಗಳು ನಾಳದ ನಡುವಿಗೆ ಬೀಳುತ್ತವೆ. ಇಲ್ಲಿಂದ ಮುಂದೆ ಅವು ಹೊಸ ಪ್ರೋಟೀನು ಕಟ್ಟಲಾರವು, ಬೆಳೆಯಲಾರವು, ಒಡೆಯಲಾರವು.

ಒಂದು ಕಾಲದಲ್ಲಿ ನಮ್ಮ ಬಿ.ಎಸ್ಸಿ. ಪ್ರಾಣಿಶಾಸ್ತ್ರದ ಪ್ರಯೋಗಗಳಲ್ಲಿ ಓತಿಕ್ಯಾತವನ್ನು ಕೊಯ್ಯುವುದಿತ್ತು. ಕೊಯ್ಲನ್ನು ಹಂತಹಂತವಾಗಿ ನಿಲ್ಲಿಸಬೇಕೆಂದು ಯುಜಿಸಿ 2011ರಲ್ಲಿ ಮಾರ್ಗಸೂಚಿ ಹೊರಡಿಸಿತು. ಒಳ್ಳೆಯದೇ ಆಯಿತು. ಹೊಟ್ಟೆ ಸೀಳಿ ಎರಡು ಬಿಳಿ ವೃಷಣಗಳನ್ನು ಗುರುತಿಸಿ ಚಿತ್ರ ಬರೆದ ಸಾವಿರಾರು ವಿದ್ಯಾರ್ಥಿಗಳಿಗೆ ಅದರೊಳಗೆ ಏನು ನಡೆಯುತ್ತಿದೆ ಎಂಬುದು ಆ ಕೊಯ್ಲಿನಿಂದ ತಿಳಿಯುವಂತಿರಲಿಲ್ಲ.

ವೃಷಣದಿಂದ ಹೊರಬಿದ್ದ ವೀರ್ಯಾಣುವಿಗೆ ಈಜುವ ಕಸುವು ಇನ್ನೂ ಪೂರ್ತಿ ಬಂದಿರುವುದಿಲ್ಲ. ಎಪಿಡಿಡಿಮಿಸ್ ಎಂಬ ಸುರುಳಿ ನಾಳದಲ್ಲಿ ಸಾಗುವಾಗ ಅದರ ಗೋಡೆಯ ಸ್ರಾವಗಳಲ್ಲಿ ತೊಯ್ದು ಅದು ಹದವಾಗುತ್ತದೆ. ಹಲ್ಲಿ ಹಾವುಗಳ ಗಂಡಿನಲ್ಲಿ ಮೂತ್ರಪಿಂಡದ ಒಂದು ಭಾಗವೂ ಈ ಹಂಗಾಮಿನಲ್ಲಿ ದಪ್ಪವಾಗಿ ಸ್ರವಿಸತೊಡಗುತ್ತದೆ. ಹಂಗಾಮು ಮುಗಿದರೆ ಮತ್ತೆ ಸೊರಗುತ್ತದೆ. ಸಂತಾನದ ಕೆಲಸಕ್ಕೆ ಮೂತ್ರಪಿಂಡವನ್ನೂ ದುಡಿಸಿಕೊಳ್ಳುವ ಈ ಏರ್ಪಾಡು ಮೊಸಳೆಗೂ ಇಲ್ಲ, ಆಮೆಗೂ ಇಲ್ಲ.

ಕೂಡಿಕೆಯಾದ ಮೇಲೆ ವೀರ್ಯಾಣುಗಳ ಒಂದು ಪಾಲು ಹೆಣ್ಣಿನ ಅಂಡನಾಳದ ಗೋಡೆಯಲ್ಲಿರುವ ಪುಟ್ಟ ಕಿಸೆಗಳನ್ನು ಸೇರುತ್ತದೆ. ಓತಿಕ್ಯಾತದ ಈ ಕಿಸೆಗಳನ್ನು ವಿವರವಾಗಿ ವರ್ಣಿಸಿದ್ದು ಮೈಸೂರಿನಲ್ಲಿ. ದೇವರಾಜ ಸರ್ಕಾರ್, ಶಿವಾನಂದಪ್ಪ ಮತ್ತು ಅವರ ಸಂಗಡಿಗರ ಅಧ್ಯಯನ 1990ರಲ್ಲಿ ಪ್ರಕಟವಾಯಿತು. ಒಂದೇ ಹಂಗಾಮಿನಲ್ಲಿ ಹಲವು ಸಲ ಮೊಟ್ಟೆ ಇಡುವ ಹೆಣ್ಣಿಗೆ ಇದರ ಉಪಯೋಗ ಊಹಿಸುವುದು ಕಷ್ಟವಲ್ಲ. ಎರಡನೇ ಸಲ ಮೊಟ್ಟೆ ಬಲಿಯುವಾಗ ಗಂಡು ಎದುರಿಗೆ ಇರಲೇಬೇಕೆಂದಿಲ್ಲ. ಯಾದಗಿರಿ ಸೀಮೆಯಲ್ಲಿ ಮಿರಗ ಕೈಕೊಟ್ಟು ಆರಿದ್ರಾ ಬಂದರೂ, ನಡುವೆ ತಿಂಗಳು ಒಣಗಿದರೂ ಸಾಮಗ್ರಿ ಕಿಸೆಯಲ್ಲಿದೆ.

ಮೊಟ್ಟೆ ಅಂಡನಾಳಕ್ಕೆ ಇಳಿದು, ಚಿಪ್ಪು ಕಟ್ಟುವ ಮುಂಚೆಯೇ ವೀರ್ಯಾಣು ಅದನ್ನು ತಲುಪಬೇಕು. ತಲುಪಿದ ಮೇಲೆ ವೃಷಣದಲ್ಲಿ ಕಟ್ಟಿದ್ದೆಲ್ಲ ತಿರುವುಮುರುವಾಗುತ್ತದೆ. ಗಾಲ್ಗಿಯಿಂದ ಹುಟ್ಟಿದ ಅಕ್ರೋಸೋಮ್ ಒಡೆದು ಖಾಲಿಯಾಗುತ್ತದೆ. ಒಳಕ್ಕೆ ನುಗ್ಗಿದ ನ್ಯೂಕ್ಲಿಯಸ್ಸಿನಿಂದ ಪ್ರೋಟಮೀನುಗಳನ್ನು ಮೊಟ್ಟೆಯೇ ಕಿತ್ತು ತೆಗೆದು ತನ್ನ ದಾಸ್ತಾನಿನ ಹಿಸ್ಟೋನುಗಳನ್ನು ಹಚ್ಚುತ್ತದೆ. 17 ವರ್ಣತಂತುಗಳು ಮತ್ತೆ ಅರಳುತ್ತವೆ. ಸ್ತನಿಗಳಲ್ಲಿ ಒಂದು ವೀರ್ಯಾಣು ಹೊಕ್ಕ ಕೂಡಲೇ ಉಳಿದವಕ್ಕೆ ಬಾಗಿಲು ಮುಚ್ಚುತ್ತದೆ. ಹಲ್ಲಿ, ಹಾವು, ಹಕ್ಕಿಗಳ ಹಳದಿ ತುಂಬಿದ ದೊಡ್ಡ ಮೊಟ್ಟೆಯೊಳಗೆ ಹಲವು ವೀರ್ಯಾಣುಗಳು ಹೋಗುವುದುಂಟು. ಅವುಗಳಲ್ಲಿ ಒಂದರ ನ್ಯೂಕ್ಲಿಯಸ್ ಮಾತ್ರ ಮೊಟ್ಟೆಯ ನ್ಯೂಕ್ಲಿಯಸ್ಸಿನೊಂದಿಗೆ ಕೂಡಿ 34ರ ಲೆಕ್ಕ ಪೂರೈಸುತ್ತದೆ. ಉಳಿದವು ಮೊಟ್ಟೆಯ ಅಂಚಿನಲ್ಲಿ ಕೆಲಹೊತ್ತು ಇದ್ದು ಕರಗಿಹೋಗುತ್ತವೆ.